ಅತ್ತೆಯ ಗೊರಕೆಗೊಂದು ಕ್ಲಿಪ್ಪು

…ಅಲ್ಲ, ಆ ಮದುವೆ ಕೊಟ್ಟೂರಿನಲ್ಲಿ ನಡೆದದ್ದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಆದರೆ ಅದು ಹಗರಿಬೊಮ್ಮನಹಳ್ಳಿಯಲ್ಲಿ ನಡೆದಿದ್ದರೂ ನಡೆದಿರಬಹುದು. ನಾನಾಗ ಚಡ್ಡಿ ಹಾಕುವ ಹುಡುಗ. ಸಾಲಾಗಿ ಹಾಸಿದ ಜಮಖಾನೆಗಳು ನೆನಪಿವೆ. ಬೆಳಿಗ್ಗೆ ಎದ್ದು ಕೂತು ಕೂದಲು ಬಿಚ್ಚಿ ಗಂಟು ಹಾಕಿಕೊಳ್ಳುತ್ತಿದ್ದ ಹೆಂಗಸರು ನೆನಪಿದ್ದಾರೆ. ಅವರಲ್ಲೊಬ್ಬಳು ಕೇಳಿದ ಮಾತು ನೆನಪಿದೆ: “ರಾತ್ರಿಯೆಲ್ಲಾ ಗಿರಣಿ ನಡಿಸಿದಾಕಿ ಯಾರಬೇ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುತ್ತ ನೋಡಿದ್ದು ನನ್ನ ಸೋದರತ್ತೆಯ ಕಡೆಗೆ. ಯಾಕೆಂದರೆ ಆ ಸಾಲಿನಲ್ಲಿ ಗಿರಣಿಯವನ ಹೆಂಡತಿ ಅವಳೊಬ್ಬಳೇ. ಅರಸೀಕೆರೆಯಲ್ಲಿ (ಹಾಸನದ ಕಡೆಯದಲ್ಲ, ನಮ್ಮ ಹರಪನಹಳ್ಳಿ ತಾಲೂಕಿನದು) ಹಿಟ್ಟಿನ ಗಿರಣಿ ಇಟ್ಟವನಿಗೆ ಅವಳನ್ನು ಕೊಟ್ಟು ಆಗಿನ್ನೂ ವರ್ಷ ತುಂಬಿರಲಿಲ್ಲ.

ಮಾತು ಆಡಿದವರು ಯಾರು? ಹಡಗಲಿಯ ಒಬ್ಬ ಮುದುಕಿ ಎನ್ನುತ್ತಾಳೆ ಅವ್ವ. ಅಂಥ ಮಾತನ್ನು ಯಾರೂ ಆಡಲೇ ಇಲ್ಲ ಎನ್ನುತ್ತಾಳೆ ಅತ್ತೆ. ನಾನೇ ಕಿವಿಯಾರೆ ಕೇಳಿದ್ದೇನೆ ಎಂದು ನಾನು ಆಣೆ ಮಾಡಬಲ್ಲೆ. ಆದರೆ ನನ್ನ ನೆನಪಿನ ಆ ಮದುವೆಯಲ್ಲಿ ನನ್ನ ತಮ್ಮ ಲಾಡು ತಿನ್ನುತ್ತ ಓಡಾಡುತ್ತಿದ್ದಾನೆ. ತಮ್ಮ ಹುಟ್ಟಿದ್ದೇ ಅದಾದ ಮೇಲೆ! ಇಂಥ ಸಾಕ್ಷಿಯನ್ನು ನಂಬಿ ನೀವು ಮುಂದೆ ಓದಬೇಕಾಗಿದೆ, ಏನು ಮಾಡುವುದು?

ಒಂದು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ಅಲ್ಲಿಂದಾಚೆ ನನ್ನ ಅತ್ತೆ ತನ್ನ ಮನೆ ಬಿಟ್ಟು ಈ ಭೂಮಿಯ ಮೇಲೆ ಬೇರೆಲ್ಲೂ ಒಂದು ರಾತ್ರಿ ತಲೆ ಊರಲಿಲ್ಲ. ಚಂದ್ರನ ಮೇಲೆ ಕಾಲಿಟ್ಟವರಾದರೂ ಅಲ್ಲೊಂದು ನಿದ್ದೆ ತೆಗೆದಿರಬಹುದು. ಅತ್ತೆಯನ್ನು ಕಳಿಸಿದ್ದರೆ ಸಂಜೆಗೆ ವಾಪಸು ಬಂದಿರುತ್ತಿದ್ದಳು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ನಮ್ಮವರ ಮದುವೆ, ಕುಬುಸ, ತೊಟ್ಟಿಲು, ತಿಥಿ ಇವುಗಳಲ್ಲಿ ಯಾವ ಊರಿನಲ್ಲಿ ನಡೆದರೂ ಅತ್ತೆ ಹಾಜರು. ಚಪ್ಪರದೊಳಗೆ ಕಾಲಿಟ್ಟವಳು ಮದುಮಗಳು ಎಲ್ಲಿ ಎಂದು ಕೇಳುತ್ತಿರಲಿಲ್ಲ. “ಕಡೀ ಬಸ್ಸು ಎಷ್ಟೊತ್ತಿಗೈತ್ರಿ?” ಎಂದು ಕೇಳುತ್ತಿದ್ದಳು. ಬಸ್ಸಿನ ಹೊತ್ತು ತಿಳಿದ ಮೇಲೆ ಅವಳಷ್ಟು ಸಡಗರದ ನೆಂಟಳು ಇನ್ನೊಬ್ಬಳಿಲ್ಲ. ಹೋಳಿಗೆ ಲಟ್ಟಿಸುವವಳು ಅವಳೇ, ಹಾಡು ಹೇಳುವವಳು ಅವಳೇ, ಬೀಗಿತ್ತಿಯನ್ನು ಚೇಷ್ಟೆ ಮಾಡಿ ಅಳಿಸುವವಳೂ ಅವಳೇ. ಸೂರ್ಯ ಇಳಿಯತೊಡಗಿದರೆ ಸಾಕು, ಕೈಚೀಲ ಹುಡುಕಲು ಶುರು.

ಅವಳ ನೆವಗಳ ಭಂಡಾರ ದೊಡ್ಡದು. ಎಮ್ಮೆ ತನ್ನ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡುವುದಿಲ್ಲ. ಎಮ್ಮೆ ಮಾರಿದ ಮೇಲೆ, ಬೆಕ್ಕು ಮರಿ ಹಾಕಿದೆ. ಬೆಕ್ಕು ಓಡಿಹೋದ ಮೇಲೆ, ಮಾವನಿಗೆ ಉಪ್ಪಿನ ಡಬ್ಬಿ ಎಲ್ಲಿದೆ ಗೊತ್ತಿಲ್ಲ. “ಅಲ್ಲಬೇ, ಇಷ್ಟು ವರ್ಷಾದ್ರೂ ಆ ಮನಶ್ಯಾಗ ಉಪ್ಪು ಸಿಕ್ಕಿಲ್ಲೇನು?” ಎಂದು ಯಾರಾದರೂ ಕೇಳಿದರೆ, “ಡಬ್ಬಿ ಜಾಗಾ ಬದ್ಲಿ ಮಾಡ್ತಿರತೀನಿ” ಎನ್ನುತ್ತಿದ್ದಳು.

ನೆಂಟರು ತಮಗೆ ತೋಚಿದ ಕಾರಣಗಳನ್ನು ಹುಟ್ಟಿಸಿಕೊಂಡಿದ್ದರು. ಗಂಡನ ಮೇಲೆ ಅನುಮಾನ ಎಂದು ಕೆಲವರು. (ಮೈತುಂಬಾ ಹಿಟ್ಟು ಮೆತ್ತಿಕೊಂಡು ಹುಬ್ಬು ಕೂಡ ಬೆಳ್ಳಗಾದ ಮಾವನನ್ನು ನೋಡಿದವರು ಈ ಮಾತು ಆಡಲಾರರು.) ಅಡುಗೆಮನೆಯಲ್ಲಿ ಬಂಗಾರ ಹೂತಿದ್ದಾಳೆ ಎಂದು ಕೆಲವರು. ದೊಡ್ಡಸ್ತಿಕೆ, ನಮ್ಮ ಹಾಸಿಗೆ ಆಕೆಗೆ ಹೊಲಸು ಎಂದು ಉಳಿದವರು. ಈ ಕೊನೆಯ ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳು ಅದನ್ನು ಅಲ್ಲಗಳೆಯಲಿಲ್ಲ. ಅಹಂಕಾರಿ ಎನಿಸಿಕೊಳ್ಳುವುದು ಗೊರಕೆಯವಳು ಎನಿಸಿಕೊಳ್ಳುವುದಕ್ಕಿಂತ ಮೇಲು ಎಂದು ಲೆಕ್ಕ ಹಾಕಿರಬೇಕು. ಗಂಡಸು ಗೊರಕೆ ಹೊಡೆದರೆ ಪಾಪ ದಣಿದಿದ್ದಾನೆ. ಹೆಂಗಸು ಹೊಡೆದರೆ ಊರಿಗೆಲ್ಲ ಮೋಜು. ಅಲ್ಲವೇ?

ಹಡಗಲಿಯ ಒಂದು ಮದುವೆಯಲ್ಲಿ, ಇವತ್ತು ಇವಳನ್ನು ಹೋಗಲು ಬಿಡಬಾರದೆಂದು ಹುಡುಗಿಯರೆಲ್ಲ ಸೇರಿ ಅವಳ ಚಪ್ಪಲಿ ಬಚ್ಚಿಟ್ಟರು. ಅತ್ತೆ ಒಂದು ಗಳಿಗೆ ಹುಡುಕಿದಳು. ಆಮೇಲೆ ಅಲ್ಲೇ ಬಾಗಿಲಲ್ಲಿದ್ದ ಒಂದು ಜೊತೆ ಮೆಟ್ಟಿಕೊಂಡು ಸೀದಾ ಬಸ್‌ಸ್ಟ್ಯಾಂಡಿಗೆ ನಡೆದಳು. ಅವು ಗಂಡಿನ ಅಪ್ಪನ ಚಪ್ಪಲಿ! ಬೀಗರು ಬರಿಗಾಲಲ್ಲಿ ಊರು ಸೇರಿದರು. ಮರುದಿನ ಅವು ಹಾಳೆಯಲ್ಲಿ ಸುತ್ತಿಸಿಕೊಂಡು ಕಂಡಕ್ಟರನ ಕೈಲಿ ವಾಪಸು ಬಂದವು, ಜೊತೆಗೊಂದು ಪೊಟ್ಟಣ ಚಟ್ನಿಪುಡಿ, ಕ್ಷಮೆಯ ಬಾಬ್ತು.

ರಾತ್ರಿ ಎಲ್ಲೂ ಮಲಗದ ಈ ಹೆಂಗಸು ಹಗಲು ಎಲ್ಲಿ ಬೇಕಾದರೂ ಮಲಗುತ್ತಿದ್ದಳು. ಬಳೆಗಾರ ಕೈ ಹಿಡಿದು ಬಳೆ ಏರಿಸುತ್ತಿದ್ದಾಗ ಮಲಗಿದ್ದಾಳೆ. ರೊಟ್ಟಿ ಬಡಿಯುತ್ತ ಮಲಗಿದ್ದಾಳೆ. ತಾನೇ ಶುರು ಮಾಡಿದ ಮಾತಿನ ನಡುವೆ ಮಲಗಿ, ಎಚ್ಚೆತ್ತು, ಅದೇ ಮಾತನ್ನು ಕ್ರಿಯಾಪದದಿಂದ ಮುಂದುವರಿಸಿದ್ದನ್ನು ನಾನು ಕಂಡಿದ್ದೇನೆ. ಆದರೆ ಇದೆಲ್ಲ ಕೂತ ನಿದ್ದೆ, ಗದ್ದಕ್ಕೆ ಕೈ ಕೊಟ್ಟ ನಿದ್ದೆ, ಸದ್ದಿಲ್ಲದ್ದು.

ಒಮ್ಮೆ ಹರಪನಹಳ್ಳಿಯ ಸ್ಟ್ಯಾಂಡಿನಲ್ಲಿ ಅರೆನಿದ್ದೆಯಲ್ಲೇ ತಪ್ಪು ಬಸ್ಸು ಹತ್ತಿ ಕೂತಳು. ಕಂಡಕ್ಟರ್ ಎಬ್ಬಿಸಿದ.

“ಯವ್ವಾ, ತೆಲಿಗಿ ಬಂತು. ಇಳಿಯಾಕಿ ಏನು?”

ಅತ್ತೆ ಕಣ್ಣು ತೆರೆದು ಸುತ್ತ ನೋಡಿದಳು. ಬೇರೆ ಯಾರಾದರೂ ಆಗಿದ್ದರೆ ಅಯ್ಯಯ್ಯೋ ಎನ್ನುತ್ತಿದ್ದರು. ಅವಳು ಸೆರಗು ಸರಿಮಾಡಿಕೊಂಡು, “ಮತ್ತೇನು, ನಾ ಬರಬೇಕಾಗಿದ್ದು ಇಲ್ಲಿಗೇ ಅಲ್ಲೇನು” ಎಂದು ಗತ್ತಿನಿಂದ ಇಳಿದಳು. ಕಂಡಕ್ಟರ್ ನೋಡುತ್ತಿದ್ದಾನೆಂದು ಸ್ವಲ್ಪ ದೂರ ಊರೊಳಗೂ ನಡೆದಳು. ಬಂದ ತಪ್ಪಿಗೆ ಬದನೆಕಾಯಿ ಕೊಂಡು, ಮುಂದಿನ ಬಸ್ಸಿಗೆ ವಾಪಸಾದಳು. “ತೆಲಿಗಿ ಬದ್ನಿಕಾಯಿ ರುಚೀನ ಬ್ಯಾರೆ” ಎಂದು ಅವತ್ತಿನಿಂದ ಎಲ್ಲರಿಗೂ ಹೇಳತೊಡಗಿದಳು. ಅದನ್ನು ನಂಬಿ ನಮ್ಮ ಮನೆಯಲ್ಲಿ ಈಗಲೂ ತೆಲಿಗಿಯವರು ಬಂದರೆ ಬದನೆಕಾಯಿ ತರಿಸುತ್ತೇವೆ!

ಇನ್ನು ಮಾವ. ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಆಯುಷ್ಯ ಕಳೆದ ಅವನಿಗೆ ಮದುವೆಯಾದ ಕೆಲವು ವರ್ಷಕ್ಕೇ ಕಿವಿ ಮಂದವಾಗಿದ್ದವು. ಬರಬರುತ್ತ ಆ ಮಂದವೂ ಹೋಗಿ ಬರೀ ಕಿವಿಗಳು ಉಳಿದವು. ದೇವರು ಜೋಡಿ ಹಾಕುವಾಗ ಎಷ್ಟು ಯೋಚನೆ ಮಾಡುತ್ತಾನೆ ನೋಡಿ! “ನಿಮ್ಮತ್ತಿ ಗೊರಕಿ ಹೊಡೀತಾಳೇನು ಮಾವ?” ಎಂದು ನಾನು ಹರೆಯದಲ್ಲಿ ಕಿವಿಯ ಹತ್ತಿರ ಕೂಗಿ ಕೇಳಿದ್ದೆ, ಗಡಿಬಿಡಿಯಲ್ಲಿ ನಮ್ಮತ್ತೆಯನ್ನು ಅವನ ಅತ್ತೆಯಾಗಿಸಿಬಿಟ್ಟಿದ್ದೆ. “ಸತ್ತು ಭಾಳ ದಿನಾತಲ್ಲೋ!” ಎಂದು ಅವನೂ ಕೂಗಿದ. ಆಮೇಲೆ ಅರ್ಥವಾಗಿ, “ಇಲ್ಲಪಾ, ನಾ ಅಂತೂ ಒಂದು ದಿನಾನೂ ಕೇಳಿಲ್ಲ” ಎಂದ. ಅದಂತೂ ಸತ್ಯ. ನ್ಯಾಯಾಲಯವೂ ಒಪ್ಪಬೇಕಾದ ಸತ್ಯ.

ನಗೆ ಇಲ್ಲಿಯವರೆಗೆ. ಅಪ್ಪ ಹೋದ ದಿನ ಕೂಡ ಅತ್ತೆ ಕೊನೆಯ ಬಸ್ಸಿಗೆ ಹೊರಟುಬಿಟ್ಟಳು. ಒಡಹುಟ್ಟಿದ ಅಣ್ಣ. ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ಅವ್ವನ ಪಕ್ಕ ಕೂತು ಅತ್ತು, ಹೊರಗೆ ಹೊತ್ತು ನೋಡಿ ಎದ್ದಳು. ಕೂಡ್ಲಿಗಿಯ ನಮ್ಮ ಮನೆಯಲ್ಲಿ ಅವತ್ತು ತುಂಬಿದ್ದ ನೆಂಟರು ಬಾಯಿ ಬಿಟ್ಟು ಆಡಿಕೊಂಡರು. ಅವ್ವ ಮಾತ್ರ ಬಾಗಿಲವರೆಗೂ ಬಂದು ನಿಂತಳು ಎಂದು ನೆನಪು. ಅಥವಾ ಬರಲಿಲ್ಲವೇನೋ; ಅವತ್ತು ಅವಳನ್ನು ಮೂಲೆಯಿಂದ ಏಳಿಸುವುದೇ ಕಷ್ಟವಾಗಿತ್ತು.

ಆಮೇಲೆ ಅವ್ವ ಪ್ರತಿ ಫೋನಿಗೂ ಒಂದೇ ಹಾಡು ಹಿಡಿದಳು. ತನಗಿಂತ ಕೆಲವೇ ವರ್ಷ ಚಿಕ್ಕವಳಾದ ನಾದಿನಿಯನ್ನು ಅವ್ವ ಇವತ್ತಿಗೂ ಕರೆಯುವುದು ‘ಹುಡುಗಿ’ ಎಂದೇ.

“ಏ ಹುಡುಗಿ, ಒಂದು ರಾತ್ರಿ ಬಂದು ಇರಬೇ. ನಿಮ್ಮಣ್ಣ ಸಣ್ಣಾಂವ ಇದ್ದಾಗ ಹೆಂಗಿದ್ದ ಅಂತ ಹೇಳಾಕ ನಿನ್ನ ಬಿಟ್ರ ನನಗ ಯಾರದಾರ? ಹಗಲು ಬಂದ್ರ ನೀ ಗಡಿಯಾರ ನೋಡ್ತಿ.”

“ಬರ್ತೀನಿ ಅತ್ತಿಗಿ, ಈ ಬೆಕ್ಕಿಂದೊಂದು ಆಗ್ಲಿ.”

“ಬೆಕ್ಕು ಓಡಿಹೋತಂದಿದ್ದೆಲ್ಲ?”

“ಮತ್ತ ಬಂದೈತಿ.”

ಹೀಗೆ ವರ್ಷಗಳು ಹೋಗುತ್ತಿದ್ದವೇನೋ, ಮೆಕ್ಕೆಜೋಳ ಇಲ್ಲದಿದ್ದರೆ. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯ ಅರ್ಧ ಮೆಕ್ಕೆಜೋಳ ಒಣಗಿಸುವವರದು, ಇನ್ನರ್ಧ ಮಾತ್ರ ವಾಹನಗಳದು. ಅಂಥ ರಸ್ತೆಯಲ್ಲಿ ಮಾವ ಮೊಪೆಡ್ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಹರಪನಹಳ್ಳಿಯಿಂದ ಬರುತ್ತಿದ್ದ. ಹಿಂದೆ ಕೂತವಳು ನಿದ್ದೆಗೆ ಜಾರಿದಳು. ನಿದ್ದೆಯಲ್ಲೇ ಮೊಪೆಡ್ಡಿನಿಂದಲೂ ಜಾರಿದಳು. ಕೂಗಿದಳೋ ಇಲ್ಲವೋ, ಕೂಗಿದ್ದರೂ ಏನು ಉಪಯೋಗ? ಮಾವ ದಾರಿಯುದ್ದಕ್ಕೂ ಈರುಳ್ಳಿಯ ಧಾರಣೆ ಬಗ್ಗೆ ಅವಳಿಗೆ ಹೇಳುತ್ತ ಮನೆ ಮುಟ್ಟಿ, ಗಾಡಿ ನಿಲ್ಲಿಸಿ, “ಇಳಿ” ಎಂದ. ಇಳಿಯಲು ಯಾರೂ ಇರಲಿಲ್ಲ!

ಅವನು ತಿರುಗಿ ಓಡಿಸಿಕೊಂಡು ಹೋದಾಗ ಅತ್ತೆ ಮೆಕ್ಕೆಜೋಳದ ರಾಶಿಯ ಮೇಲೆ ರಾಣಿಯ ಹಾಗೆ ಕೂತಿದ್ದಳಂತೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ರಾಶಿಯ ಯಜಮಾನ ಅವಳಿಗೆ ನೀರು ಕೊಟ್ಟು, “ಯವ್ವಾ, ಬಿದ್ದಿದ್ದು ಇರ್ಲಿ, ಬಿದ್ದ ಮ್ಯಾಲೂ ಒಂದೀಟು ಹೊತ್ತು ಮಲಗಿದ್ರೆಲ್ಲ!” ಎಂದು ಬೆರಗಾದನಂತೆ. ಇದನ್ನು ಮಾವ ಹೇಳಿದ್ದು. ಅವನು ಅದನ್ನು ಹೇಗೆ ಕೇಳಿಸಿಕೊಂಡ ಎಂದು ನನ್ನನ್ನು ಕೇಳಬೇಡಿ.

ನಾನು ಹೆದರಿ ಅವಳನ್ನು ದಾವಣಗೆರೆಯ ಒಬ್ಬ ವೈದ್ಯರಿಗೆ ತೋರಿಸಿದೆ. ಅವರು ಕೊಟ್ಟ ಸಲಕರಣೆಯನ್ನು ಒಂದು ರಾತ್ರಿ ಮನೆಯಲ್ಲೇ ಕಟ್ಟಿಕೊಂಡು ಮಲಗಬೇಕಿತ್ತು: ಎದೆಗೊಂದು ಪಟ್ಟಿ, ಮೂಗಿಗೊಂದು ಕೊಳವೆ, ಬೆರಳಿಗೊಂದು ಕೆಂಪು ದೀಪದ ಚಿಮುಟ. “ಏನೋ ಇದು, ನಿಮ್ಮತ್ತಿನ್ನ ಚಾರ್ಜಿಗೆ ಹಾಕೀಯೇನು?” ಎಂದ ಮಾವ.

ಫಲಿತಾಂಶ ನೋಡಿ ವೈದ್ಯರು ನಗಲಿಲ್ಲ. ನಿದ್ದೆಯಲ್ಲಿ ನಾಲಿಗೆ, ಗಂಟಲ ಹಿಂದಿನ ಮೆತ್ತಗಿನ ಭಾಗ ಸಡಿಲಾಗಿ ಹಿಂದಕ್ಕೆ ಬಿದ್ದು ಉಸಿರಿನ ದಾರಿಯನ್ನು ಮುಚ್ಚುತ್ತಿವೆ. ಉಸಿರು ನಿಲ್ಲುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ಮತ್ತೆ ನಿಲ್ಲುತ್ತದೆ. ಹೀಗೆ ರಾತ್ರಿಯಿಡೀ. ಅವಳಿಗೆ ನಿದ್ದೆಯೆಂಬುದೇ ಆಗುತ್ತಿಲ್ಲ, ಅದಕ್ಕೇ ಹಗಲೆಲ್ಲ ತೂಕಡಿಕೆ. ಹೀಗೇ ಬಿಟ್ಟರೆ ಹೃದಯಕ್ಕೂ ಒಳ್ಳೆಯದಲ್ಲ ಎಂದರು. ಗೊರಕೆಯನ್ನು ಮಾನದ ಪ್ರಶ್ನೆ ಎಂದುಕೊಂಡಿದ್ದವಳಿಗೆ ಅದು ಪ್ರಾಣದ ಪ್ರಶ್ನೆ ಎಂದು ಗೊತ್ತಾದಾಗ ಅವಳು ಕೇಳಿದ್ದು ಇಷ್ಟೇ: “ಸಪ್ಪಳ ಬರತೈತೇನ್ರಿ? ಅದೂ ಅದ್ರಾಗ ಬಂದೈತೇನು?”

ಮೊದಲು ಮೂಗಿಗೆ ಮುಖವಾಡ ಹಾಕಿ ಗಾಳಿ ಊದುವ ಯಂತ್ರ. ಅದನ್ನು ಕಟ್ಟಿಕೊಂಡ ಅತ್ತೆಯನ್ನು ಕಂಡು ಮಾವ ಗಣಪತಿಗೆ ಮುಗಿದಂತೆ ಕೈ ಮುಗಿದ. ಅರಸೀಕೆರೆಯ ಕರೆಂಟು ಬಂದಾಗ ಯಂತ್ರ ಊದಿತು, ಹೋದಾಗ ಅತ್ತೆ ಊದಿದಳು. ಕೆಲವು ದಿನ ಕಷ್ಟಪಟ್ಟು, “ಉಸಿರು ಕಟ್ಟತೈತಿ ಅಂತ ಬಂದ್ರ, ಉಸಿರು ಕಟ್ಟೋ ಸಾಮಾನು ಕೊಟ್ಟಾರ” ಎಂದು ಬಿಚ್ಚಿಟ್ಟಳು. ನಿಮ್ಮ ತೊಂದರೆ ತೀರಾ ಮೇಲಿನ ಮಟ್ಟದ್ದಲ್ಲ, ಹಲ್ಲುಗಳೂ ಗಟ್ಟಿ ಇವೆ, ದಂತವೈದ್ಯರಿಂದ ಕ್ಲಿಪ್ಪು ಮಾಡಿಸಿ ನೋಡೋಣ, ಆಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡೋಣ ಎಂದರು ವೈದ್ಯರು. ಹೀಗೆ ನಾವು ಕೊಟ್ಟೂರಿನಲ್ಲಿ ಆ ಕೆಲಸ ಕಲಿತುಬಂದಿದ್ದ ದಂತವೈದ್ಯೆಯ ಮುಂದೆ ಹೋಗಿ ಕೂತೆವು: ಅತ್ತೆ, ಮಾವ, ನಾನು.

ಆಕೆ ಚುರುಕಿನ ಹುಡುಗಿ. ಕೆಳದವಡೆಯನ್ನು ರಾತ್ರಿಯ ಹೊತ್ತು ಸ್ವಲ್ಪ ಮುಂದಕ್ಕೆ ಹಿಡಿದಿಡುವ ಕ್ಲಿಪ್ಪು ಇದು, ದವಡೆ ಮುಂದೆ ಬಂದರೆ ನಾಲಿಗೆಯೂ ಮುಂದೆ ಬರುತ್ತದೆ, ದಾರಿ ತೆರೆದಿರುತ್ತದೆ ಎಂದು ತನ್ನ ಗದ್ದವನ್ನೇ ಮುಂದೆ ಮಾಡಿ ತೋರಿಸಿದಳು. ಆಮೇಲೆ ಮಾವನ ಕಡೆ ತಿರುಗಿ, “ಯಜಮಾನ್ರೇ, ರಾತ್ರಿ ಇವರ ಉಸಿರು ನಿಲ್ಲೋದು ನಿಮಗ ಗೊತ್ತಾಗ್ತೈತೇನ್ರಿ?” ಎಂದಳು.

ನಾನು ಅವನ ಕಿವಿಯಲ್ಲಿ ಅದನ್ನೇ ಕೂಗಿದೆ. ಹೊರಗೆ ಕೂತ ರೋಗಿಗಳೂ ತಲೆ ಎತ್ತಿದರು.

“ಕಿವಿಗೆ ಕೇಳ್ಸಂಗಿಲ್ರಿ ಡಾಕ್ಟ್ರೇ. ಕೈಗೆ ಗೊತ್ತಾಕೈತಿ.”

“ಕೈಗೆ?”

“ನನ್ನ ಕೈ ಆಕಿ ತೋಳಿನ ಮ್ಯಾಲಿರತೈತ್ರಿ. ಮೈ ಅದುರತಿರತೈತಿ, ಗಿರಣಿ ನಡದಂಗ. ಅದುರೋದು ನಿಂತ್ರ ಬೆಲ್ಟು ಕಳಚೇತಿ ಅಂತ ತಿಳಕಂತೀನಿ. ಒಂದೀಟು ಅಲುಗಾಡಸ್ತೀನಿ. ಮತ್ತ ಚಾಲೂ ಆಕೈತಿ.”

ಅತ್ತೆ ಕುರ್ಚಿಯಲ್ಲಿ ಎದ್ದು ಕೂತಳು. “ಏನಂದ್ರಿ? ದಿನಾ ರಾತ್ರಿ ನನ್ನ ಎಬ್ಬಸಿ ಎಬ್ಬಸಿ, ಸೊಳ್ಳಿ ಹೊಡದೆ, ಸೊಳ್ಳಿ ಹೊಡದೆ ಅಂತಿದ್ರೆಲ್ಲ!”

ಮಾವನಿಗೆ ಅದು ಕೇಳಿಸಲಿಲ್ಲ. ಅಥವಾ ಅವನು ಕೇಳಿಸಿಕೊಳ್ಳಲಿಲ್ಲ. ಗೋಡೆಯ ಮೇಲಿನ ಹಲ್ಲುಗಳ ಚಿತ್ರಪಟವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅರಸೀಕೆರೆಯಲ್ಲಿ ಯಾವ ಕಾಲದಲ್ಲೂ ಸೊಳ್ಳೆ ಬಹಳ ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಿದ್ದಳು!

ಹೊರಡುವಾಗ ಅತ್ತೆ ವೈದ್ಯೆಯ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದಳು: “ಇದನ್ನ ಹಾಕ್ಕಂಡ್ರ ಬ್ಯಾರೆ ಊರಾಗ ಮಲಗಬೌದೇನ್ರಿ? ಇವ್ರ ಕೈ ಇಲ್ದ?”

“ಎಲ್ಲಿ ಬೇಕಾದ್ರೂ ಮಲಗ್ರಿ ಅಮ್ಮಾ.”

“ಎಲ್ಲಿ ಬೇಕಾದ್ರೂ ಬ್ಯಾಡ್ರಿ. ಕೂಡ್ಲಿಗ್ಯಾಗ, ನಮ್ಮತ್ತಿಗಿ ಮಗ್ಗಲಿಗೆ, ಒಂದು ರಾತ್ರಿ.”

ಮುಂದಿನ ಸಲ ಹೋದಾಗ ಅಚ್ಚು ತೆಗೆಯಲು ಬಾಯಿಯ ತುಂಬಾ ಹಿಟ್ಟಿನಂಥದ್ದನ್ನು ತುಂಬಿದಾಗ, ಗಿರಣಿಯವನ ಹೆಂಡತಿ ಅದರ ಹದದ ಬಗ್ಗೆ ಏನೋ ಟೀಕೆ ಮಾಡಲು ಹೋದಳು. ಮಾತು ಅಚ್ಚಿನಲ್ಲೇ ಉಳಿಯಿತು. ಕ್ಲಿಪ್ಪು ತಯಾರಾಗಿ ಬರುವ ತನಕ ಗದ್ದ ಮುಂದೆ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳುತ್ತೇನೆಂದು ಅವಳೇ ತೀರ್ಮಾನಿಸಿದಳು. ಯಾರೂ ಹೇಳಿರಲಿಲ್ಲ. ಗಿರಣಿಗೆ ಜೋಳ ತಂದ ಹೆಂಗಸರ ಮುಂದೆ ಕೆಳದವಡೆ ಚಾಚಿ ಕೂತಳು. ತಮ್ಮನ್ನು ಅಣಕಿಸುತ್ತಿದ್ದಾಳೆಂದು ಒಬ್ಬಳು, ಜೋಳ ಹುಳುಕಾಗಿದೆ ಎಂದು ಸಿಟ್ಟಾಗಿದ್ದಾಳೆಂದು ಇನ್ನೊಬ್ಬಳು, ಇಬ್ಬರೂ ಚೀಲ ಹೊತ್ತುಕೊಂಡು ಬೇರೆ ಗಿರಣಿಗೆ ಹೋದರು.

ಕ್ಲಿಪ್ಪು ಬಂತು. ಮೇಲೊಂದು, ಕೆಳಗೊಂದು, ಗಾಜಿನ ಹಾಗೆ ತಿಳಿಯಾದದ್ದು. ಪಕ್ಕದಲ್ಲಿ ದವಡೆಯನ್ನು ಕೂದಲೆಳೆಯಷ್ಟೇ ಮುಂದೆ ತರುವ ಸಣ್ಣ ತಿರುಪು. ಮೊದಲ ಬೆಳಿಗ್ಗೆ ದವಡೆ ನೋವು, ದಿಂಬೆಲ್ಲ ಜೊಲ್ಲು. ಆದರೆ ನಡುಹಗಲು ಎಚ್ಚರವಾಗಿದ್ದಳು! ಊಟ ಮುಗಿಸಿ ಸುಮ್ಮನೆ ಕೂತು ಬೀದಿ ನೋಡಿದಳಂತೆ. ಮಧ್ಯಾಹ್ನ ಅಷ್ಟು ದೊಡ್ಡದಾಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ತೊಂದರೆ ಬಂದದ್ದು ಎಂಜಲಿನಿಂದ. ಅತ್ತೆಯ ಮನೆಯಲ್ಲಿ ಎಂಜಲಿನ ಶಾಸ್ತ್ರ ಬಹಳ ಕಟ್ಟುನಿಟ್ಟು. ಲೋಟ ಕಚ್ಚಿ ಕುಡಿದರೆ ಆ ಲೋಟಕ್ಕೆ ಒಲೆಯ ಬೂದಿ, ಕುದಿವ ನೀರು. ಹೀಗಿರುವಾಗ ರಾತ್ರಿಯಿಡೀ ಬಾಯಲ್ಲಿದ್ದ ವಸ್ತುವನ್ನು ತಣ್ಣೀರಲ್ಲಿ ತೊಳೆದು ಡಬ್ಬಿಯಲ್ಲಿಟ್ಟು, ಮತ್ತೆ ಅದನ್ನೇ ಬಾಯಿಗಿಡುವುದೇ? ವೈದ್ಯೆ ಹೇಳಿದ್ದು ಹಾಗೇ. ಹುಡುಗಿಗೆ ವಯಸ್ಸು ಸಾಲದು, ಮಡಿ-ಮೈಲಿಗೆ ತಿಳಿಯದು ಎಂದುಕೊಂಡು ಅತ್ತೆ ಅದನ್ನು ಸಣ್ಣ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟಳು. ಕ್ಲಿಪ್ಪು ಶುದ್ಧವಾಯಿತು. ಜೊತೆಗೆ ಡೊಂಕೂ ಆಯಿತು. ಅದನ್ನೇ ಒತ್ತಿ ಒತ್ತಿ ಹಾಕಿಕೊಂಡು ಮಲಗಿದವಳು ಬೆಳಿಗ್ಗೆ ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗಿ ಎದ್ದಳು. ಲಕ್ವ ಹೊಡೆಯಿತೆಂದು ಮಾವ ನನಗೆ ಫೋನು ಮಾಡಿ ಅತ್ತ. ನಾನು ಸಮಾಧಾನ ಹೇಳಿದ್ದು ಅವನಿಗೆ ಕೇಳಿಸಲೂ ಇಲ್ಲ.

ವೈದ್ಯೆ ಕ್ಲಿಪ್ಪನ್ನು ಬೆಳಕಿಗೆ ಹಿಡಿದು ನೋಡಿದಳು. “ಅಮ್ಮಾ, ಖರೇ ಹೇಳ್ರಿ. ಇದನ್ನ ಬೇಯಿಸಿದ್ರೇನು?”

“ಇಲ್ಲಬಿಡ್ರಿ! ಬೇಯಸಲಿಲ್ಲ.” ಅತ್ತೆ ಸೆರಗು ಸರಿಮಾಡಿಕೊಂಡಳು. “ಬರೇ ಕುದಿಸಿದೆ.”

ಮತ್ತೆ ಅಚ್ಚು, ಮತ್ತೆ ಕ್ಲಿಪ್ಪು. ಈ ಸಲ ವೈದ್ಯೆ ಬುದ್ಧಿವಂತಿಕೆಯಿಂದ, ಇದು ಎಂಜಲಲ್ಲ, ನಿಮ್ಮ ಹಲ್ಲು ಇದ್ದ ಹಾಗೆ, ಹಲ್ಲನ್ನು ಯಾರಾದರೂ ಕುದಿಸುತ್ತಾರೆಯೇ ಎಂದಳು. ಅತ್ತೆಗೆ ಆ ತರ್ಕ ಒಪ್ಪಿಗೆಯಾಯಿತು. ಸ್ವಲ್ಪ ಸ್ವಲ್ಪವಾಗಿ ತಿರುಪು ತಿರುಗಿಸಿ, ದವಡೆ ಹೊಂದಿಕೊಂಡ ಮೇಲೆ ದಾವಣಗೆರೆಯವರು ಮತ್ತೊಮ್ಮೆ ಪಟ್ಟಿ ಕಟ್ಟಿ ಪರೀಕ್ಷಿಸಿ, ಬಹಳ ವಾಸಿ, ಬಿಡದೆ ಹಾಕಿಕೊಳ್ಳಿ ಎಂದರು. ಮಾವನ ಕೈಗೆ ಕೆಲಸ ತಪ್ಪಿತು. ಅತ್ತೆಗೆ ನೆವಗಳೂ ತಪ್ಪಿದವು.

ಅವಳು ಕೂಡ್ಲಿಗಿಗೆ ಬಂದದ್ದು ಚಳಿ ಶುರುವಾದ ದಿನಗಳಲ್ಲಿ. ಬಂದವಳು ಬಸ್ಸಿನ ಹೊತ್ತು ಕೇಳಲಿಲ್ಲ. ಅದನ್ನು ಅವ್ವನೂ ಗಮನಿಸಿದಳು, ನಾನೂ ಗಮನಿಸಿದೆ. ಮೂವರೂ ಆ ಸುದ್ದಿ ಎತ್ತಲಿಲ್ಲ. ಸಂಜೆ ಹೈವೇ ಕಡೆಯಿಂದ ಬಸ್ಸಿನ ಹಾರನ್ ಕೇಳಿದಾಗ ಅತ್ತೆಯ ಕೈ ತಾನಾಗಿಯೇ ಚೀಲದ ಕಡೆ ಹೋಯಿತು. ಚೀಲದಿಂದ ಕ್ಲಿಪ್ಪಿನ ಡಬ್ಬಿ ತೆಗೆದು, ಅದಕ್ಕೇ ಕೈ ಹಾಕಿದ್ದು ಎಂಬಂತೆ ಕಿಟಕಿಯಲ್ಲಿಟ್ಟಳು. ಅವ್ವ ಒಳಗೆ ಹೋಗಿ ಬೇಕಿಲ್ಲದಿದ್ದರೂ ಇನ್ನೊಂದು ಪಾವು ಅಕ್ಕಿ ತೊಳೆದಳು.

ಒಳಕೋಣೆಯಲ್ಲಿ ಇಬ್ಬರಿಗೂ ಒಂದೇ ಕಡೆ ಹಾಸಿದ್ದಾಯಿತು. ನಾನು ಹೊರಗಿನ ಪಡಸಾಲೆಯಲ್ಲಿ. ಕ್ಲಿಪ್ಪು ಹಾಕಿದರೆ ಮಾತು ತೊದಲುತ್ತದೆಂದು ಅತ್ತೆ ಅದನ್ನು ಕೈಯಲ್ಲೇ ಹಿಡಿದುಕೊಂಡು ಅಪ್ಪನ ಕಥೆ ಹೇಳಿದಳು. ಶಾಲೆ ತಪ್ಪಿಸಲು ಅಪ್ಪ ಖಾಲಿ ಕಣಜದೊಳಗೆ ಅಡಗಿ ಅಲ್ಲೇ ನಿದ್ದೆ ಹೋಗಿದ್ದನಂತೆ. ಮನೆಮಂದಿಯೆಲ್ಲ ಬಾವಿ, ಕೆರೆ ಹುಡುಕಿದರಂತೆ. ಅವನಿದ್ದ ಜಾಗ ಗೊತ್ತಿದ್ದವಳು ಇವಳೊಬ್ಬಳೇ.

“ಹೇಳಲಿಲ್ಲೇನಬೇ?”

“ಬೆಲ್ಲ ಕೊಡ್ತೀನಿ ಅಂದಿದ್ದ, ಅತ್ತಿಗಿ.”

ಅವ್ವ ಅಷ್ಟು ನಕ್ಕಿದ್ದನ್ನು ಅಪ್ಪ ಹೋದ ಮೇಲೆ ನಾನು ಕೇಳಿರಲಿಲ್ಲ. ಆಮೇಲೆ ಡಬ್ಬಿಯ ಮುಚ್ಚಳದ ಸದ್ದು. ಆಮೇಲೆ ಅವ್ವ ಮಾತಾಡುವುದು, ಅತ್ತೆ “ಹೂಂ” ಅನ್ನುವುದು. ಹೂಂ, ಹೂಂ. ಆಮೇಲೆ ಅದೂ ಇಲ್ಲ.

ಎಷ್ಟೋ ಹೊತ್ತಿಗೆ ನನಗೆ ಎಚ್ಚರವಾಯಿತು. ಗೊರಕೆ. ಸಣ್ಣದಲ್ಲ, ಗಿರಣಿಯೇ. ಇಷ್ಟೆಲ್ಲ ಮಾಡಿಸಿ, ಈ ಒಂದು ರಾತ್ರಿಗೇ ಕೈಕೊಟ್ಟಿತೇ ಕ್ಲಿಪ್ಪು? ಎದ್ದು ಬಾಗಿಲಲ್ಲಿ ನಿಂತು ನೋಡಿದೆ. ಸಣ್ಣ ದೀಪದ ಬೆಳಕಿನಲ್ಲಿ ಬಾಯಿ ತೆರೆದು ಗೊರೆಯುತ್ತಿದ್ದವಳು ನನ್ನ ಅವ್ವ! ಅತ್ತೆ ಗೋಡೆಯ ಕಡೆ ಮುಖ ಮಾಡಿ, ಸದ್ದಿಲ್ಲದೆ, ಅಲುಗದೆ ಮಲಗಿದ್ದಳು.

ಬೆಳಿಗ್ಗೆ ಚಹಾ ಕುಡಿಯುತ್ತ ಅವ್ವ ಕೇಳಿದಳು. “ರಾತ್ರಿ ಒಮ್ಮೆ ಎಚ್ಚರಾಗಿತ್ತು ನನಗ. ಯಾರೋ ಗೊರಕಿ ಹೊಡದಂಗಾತಲ್ಲ?”

ಬಾಯಿ ತೆರೆಯಲು ಹೊರಟೆ. ಅತ್ತೆ ನನಗಿಂತ ಮೊದಲು ತೆರೆದಳು.

“ನಾನ ಇರಬೇಕು, ಅತ್ತಿಗಿ.”

ಯಾವ ಮಾತು ಯಾರ ಬಾಯಿಂದಲೂ ಬರಬಾರದೆಂದು ಅವಳು ಅಷ್ಟು ವರ್ಷ, ಅಷ್ಟು ಊರುಗಳಿಂದ, ಅಣ್ಣನ ಸಾವಿನ ಮನೆಯಿಂದಲೂ ಎದ್ದು ಓಡಿದ್ದಳೋ, ಅದನ್ನು ಅವಳೇ ಆಡಿ, ಚಹಾ ಆರಿಸಿಕೊಳ್ಳಲು ಬಸಿ ಎತ್ತಿಕೊಂಡಳು.

“ಇಷ್ಟೇ ಏನು ಆ ಕ್ಲಿಪ್ಪಿನ ಕತಿ!” ಅವ್ವ ಅಂದಳು. “ಹೋಗ್ಲಿಬಿಡು. ಗೊರಕಿ ಹೊಡದ್ರ ಮನಿ ಏನು ಬೀಳತೈತೇನು? ಇವತ್ತೂ ಇರಬೇ, ಹುಡುಗಿ.”

“ಇರ್ತೀನಿ.”

ಅತ್ತೆ ನನ್ನ ಕಡೆ ಒಮ್ಮೆ ನೋಡಿದಳು. ಅಥವಾ ನನ್ನ ತಲೆಯ ಮೇಲಿದ್ದ ಗಡಿಯಾರವನ್ನು ನೋಡಿದಳೋ, ಹಳೆಯ ಚಾಳಿ. ಸುಮ್ಮನಿರು ಎಂದು ಹೇಳಿದ ನೋಟ ಅದು ಎಂದು ಬರೆಯಲು ನನ್ನ ಕೈ ತುಡಿಯುತ್ತದೆ. ಬರೆದರೆ ಎಲ್ಲ ಚೆಂದಾಗಿ ಕೂರುತ್ತದೆ, ಅದಕ್ಕೇ ನಂಬಿಕೆ ಬರುವುದಿಲ್ಲ. ಆ ರಾತ್ರಿ ಅವಳು ಎಚ್ಚರವಿದ್ದು, ಗೊರಕೆ ಯಾರದೆಂದು ತಿಳಿದೇ ಅದನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳೋ, ಇಲ್ಲ ಗಾಢ ನಿದ್ದೆಯಲ್ಲಿದ್ದು, ತನ್ನದೇ ಎಂದು ನಿಜವಾಗಿ ನಂಬಿ, ಹಾಗೆ ನಂಬಿದ ಮೇಲೂ ಇನ್ನೊಂದು ರಾತ್ರಿ ಉಳಿದಳೋ, ಇವೆರಡರಲ್ಲಿ ಯಾವುದು ದೊಡ್ಡದೆಂದೂ ನನಗೆ ತಿಳಿಯಲಿಲ್ಲ. ನಾನು ಅವಳನ್ನು ಕೇಳಿಲ್ಲ. ನನಗೆ ಗೊತ್ತಿಲ್ಲ.